ಮೇಲು ತೂಬಿನ ಆಳ

ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ತಯಾರಿ ಮಾಡಿಸುವ ತರಗತಿಯೊಂದಕ್ಕೆ ನಾನು ಕೆಲವು ಕಾಲ ಹೋಗುತ್ತಿದ್ದೆ. ಅಲ್ಲಿನ ಮೇಷ್ಟ್ರಿಗೆ ಒಂದು ಖಯಾಲಿ. ನಮ್ಮ ದೇಶದ ಅತಿ ದೊಡ್ಡ ಸರೋವರ ಯಾವುದು ಎಂದು ಕೇಳುವರು. ಚಿಲಿಕಾ ಎಂದರೆ ‘ಸಿಹಿನೀರು ಕೇಳಿದ್ದರೆ?’ ಎನ್ನುವರು. ವುಲರ್ ಎಂದರೆ ‘ಯಾವ ತಿಂಗಳಲ್ಲಿ?’ ಎನ್ನುವರು. ವೆಂಬನಾಡ್ ಎಂದರೆ ‘ಉದ್ದ ಕೇಳಲಿಲ್ಲ, ಕೂತ್ಕೊ’ ಎನ್ನುವರು. ಕೊನೆಗೂ ತಾವೇ ಉತ್ತರ ಹೇಳುತ್ತಿರಲಿಲ್ಲ. ನೀರು ಹರಡಿಕೊಂಡಿರುವ ಜಾಗ ಬೇರೆ, ಒಳಗೆ ಹಿಡಿದಿರುವ ನೀರು ಬೇರೆ, ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ಮೊದಲು ನೋಡಿ ಎಂದು ಹೇಳಿ ನಮ್ಮನ್ನು ಮನೆಗೆ ಕಳಿಸುವರು. ಆ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಸಿವಿಲ್ ಡಿಪ್ಲೊಮಾ ಕೈಯಲ್ಲಿತ್ತು, ಕೆರೆಗಳನ್ನು ಅಳೆಯುವ ಗುತ್ತಿಗೆ ಕೆಲಸ ಸಿಕ್ಕಿತು, ಸೇರಿಕೊಂಡೆ. ನಮ್ಮಪ್ಪ ಸತ್ತದ್ದು ನಾನು ಅಳೆದ ಕೆರೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯವರೆಗೆ ಬಚ್ಚಿಟ್ಟುಕೊಂಡು ಹೇಳುವಂಥ ಸಂಗತಿ ಅದಲ್ಲ.

ವರ್ಷವಿಡೀ ಹರಿಯುವ ಹೊಳೆ ನಮ್ಮ ಸೀಮೆಯಲ್ಲಿ ಒಂದೂ ಇಲ್ಲ. ಇರುವುದು ಕೆರೆಗಳು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಪ್ರತಿ ಊರಿಗೂ ಅದರದರ ಕೆರೆಯೇ ಸಮುದ್ರ. ಎಷ್ಟೋ ಕೆರೆಗಳ ಹೆಸರಿನಲ್ಲೇ ಸಾಗರ, ಸಮುದ್ರ ಎಂದು ಇದೆ, ಒಳಗೆ ಎಮ್ಮೆ ಮೀಯುವಷ್ಟು ನೀರಿಲ್ಲದಿದ್ದರೂ. ನಮ್ಮ ಕೆಲಸವೆಂದರೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಕೆರೆಗಳಿಗೆಲ್ಲ ಹೋಗಿ ಎರಡು ಅಂಕಿ ತರುವುದು. ಕೆರೆ ತುಂಬಿದಾಗ ನೀರು ಎಷ್ಟು ಎಕರೆ ಹರಡುತ್ತದೆ ಎನ್ನುವುದು ಒಂದು, ಒಟ್ಟು ಎಷ್ಟು ನೀರು ಹಿಡಿಯುತ್ತದೆ ಎನ್ನುವುದು ಇನ್ನೊಂದು. ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಎರಡು ಪಟ್ಟಿ ಮಾಡಬೇಕು.

ಊರಿನವರಿಗೆ ಬೇಕಾಗಿದ್ದದ್ದು ಮೊದಲನೆಯ ಪಟ್ಟಿ ಮಾತ್ರ. ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚುವ ಮನೆಗಳ ಕೊಳೆನೀರು ಬಂದು ಸೇರುವ ಒಂದು ಕೆರೆಯ ಏರಿಯ ಮೇಲೆ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಕೂತು, ಬೀಡಿ ಹಚ್ಚಿ ಕೇಳಿದರು.

“ನಮ್ಮ ಕೆರೆ ಎಷ್ಟನೇ ನಂಬರು ಬರೀತೀಯಮ್ಮ?”

“ಅಗಲದಲ್ಲೋ, ನೀರಲ್ಲೋ?”

“ಎಲ್ಡೂ ಒಂದೇ ಅಲ್ವೇನಮ್ಮ. ಇಷ್ಟು ಅಗಲ ಐತೆ ಅಂದ್ಮೇಲೆ ನೀರೂ ಅಷ್ಟೇ ಇರ್ತದೆ.”

ಇರುವುದಿಲ್ಲ. ತಲೆಮಾರುಗಳಿಂದ ಹೂಳು ತುಂಬಿ ಆ ಕೆರೆಯ ತಳ ಮೇಲಕ್ಕೆ ಬಂದಿತ್ತು. ಆ ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಅರ್ಧ ಗಂಟೆ ಬೇಕು, ಆದರೆ ನಡುವಿನಲ್ಲೂ ನೀರು ಆಳುದ್ದ ಇರಲಿಲ್ಲ. ನಮ್ಮಪ್ಪ ಇಂಥ ಕೆರೆಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದ. “ಅವು ತಟ್ಟೆ ಕಣಮ್ಮ. ನಮ್ದು ಚೊಂಬು.”

ಅಪ್ಪ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಟ್ಟುಕೊಡುವ ಕೆಲಸ ನಮ್ಮ ಮನೆತನದ್ದು. ಮಂಚೇನಹಳ್ಳಿಯಿಂದ ಬಸ್ಸು ಹತ್ತಿ ಆಮೇಲೆ ಒಂದಿಷ್ಟು ನಡೆದರೆ ನಮ್ಮೂರು. ಊರಿನೊಳಗೆ ನಮ್ಮ ಕೇರಿಯವರಿಗೆ ಇಂತಿಂಥ ಕಡೆ ನಿಲ್ಲಬೇಕು, ಇಂತಿಂಥ ಕಡೆ ಕೂರಬಾರದು ಎಂದು ನೂರೆಂಟು ಕಟ್ಟಳೆ ಇದ್ದವು, ಈಗ ಬಾಯಲ್ಲಿ ಇಲ್ಲ ಅನ್ನುತ್ತಾರೆ. ಕೆರೆಯಲ್ಲಿ ಮಾತ್ರ ಅಪ್ಪನದೇ ಮಾತು. ಏರಿಯ ಮೇಲೆ ಕೂತವರಿಗೆ ಕೆರೆಯ ಅಗಲ ಗೊತ್ತು, ಒಳಗಿಳಿದವನಿಗೆ ಆಳ ಗೊತ್ತು ಎಂದು ಎದುರಿಗೇ ಹೇಳಿದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನೀರಿನ ಪ್ರಮಾಣವನ್ನು ಅವನು ಬೆಳೆಯಲ್ಲಿ ಹೇಳುತ್ತಿದ್ದ. ಇದು ಒಂದು ಬೆಳೆ ನೀರು, ಇದು ಒಂದೂವರೆ ಬೆಳೆ, ಈ ಸಲ ಎರಡು ಬೆಳೆಗೆ ಮೋಸವಿಲ್ಲ. ನನ್ನ ಕೆಲಸದಲ್ಲಿ ಇದೇ ಅಳತೆಗೆ ದೊಡ್ಡ ದೊಡ್ಡ ಹೆಸರುಗಳಿವೆ. ಅಪ್ಪನ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಕೆರೆಗೆ ಎರಡು ತೂಬು. ಏರಿಯ ನಡುವೆ ಇರುವ ದೊಡ್ಡ ತೂಬು ಆಳದಲ್ಲಿದೆ. ಕೋಡಿಯ ಕಡೆಗೆ, ಎತ್ತರದ ಜಾಗದಲ್ಲಿ ಇನ್ನೊಂದು, ಅದು ಮೇಲು ತೂಬು. ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು. ಕೆರೆ ಕೋಡಿ ಹರಿದ ವರ್ಷ ಊರಿನವರು ಗಂಗಮ್ಮನ ಪೂಜೆ ಮಾಡುತ್ತಾರೆ. ಆಗ ನೀರುಗಂಟಿಯೇ ತಲೆಯ ಮೇಲೆ ತಟ್ಟೆ ಹೊತ್ತು ನೀರಿನಲ್ಲಿ ನಡೆದುಹೋಗಿ, ಮೇಲು ತೂಬಿನ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವು ಕಟ್ಟಿ ಬರಬೇಕು. ಅವನು ವಾಪಸ್ ಬಂದು ಏರಿ ಹತ್ತುವವರೆಗೆ ಯಾರೂ ಬಾಗಿನ ಬಿಡುವಂತಿಲ್ಲ, ಊರ ದೊಡ್ಡವರಾದರೂ ಕಾಯಬೇಕು. ನೀರು ಎಷ್ಟು ಬರುತ್ತದಪ್ಪ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. “ಸೊಂಟಕ್ಕೆ ಬರ್ತದೆ, ಎದೆಗೆ ಬರಲ್ಲ” ಎಂದಿದ್ದ. ಅವರಪ್ಪನೂ ಹಾಗೇ ಹೇಳಿದ್ದನಂತೆ. ನಾನು ಆ ಮಾತನ್ನು ಮಗ್ಗಿಯಂತೆ ಕಲಿತುಕೊಂಡೆ.

ಆಮೇಲೆ ಬಹಳ ವರ್ಷ ಕೆರೆ ತುಂಬಲೇ ಇಲ್ಲ. ಕೆರೆಯಂಗಳದ ತುಂಬ ಜಾಲಿ ಬೆಳೆಯಿತು. ಊರಿಗೆ ಕೊಳವೆಬಾವಿ ಬಂತು, ಅದರ ವಾಲ್ವು ತಿರುಗಿಸುವವನನ್ನು ಪಂಚಾಯಿತಿಯವರು ವಾಟರ್‌ಮ್ಯಾನ್ ಎಂದು ಕರೆದರು. ಅಪ್ಪ ಹೆಸರಿಗೆ ನೀರುಗಂಟಿ. ಆದರೂ ವಾರಕ್ಕೊಮ್ಮೆ ಹೋಗಿ ಒಣಗಿದ ದೊಡ್ಡ ತೂಬಿನ ಸುತ್ತ ಬೆಳೆದ ಕಳೆ ಕಿತ್ತು ಬರುತ್ತಿದ್ದ. ಅಮ್ಮ ರೇಗಿಸುತ್ತಿದ್ದಳು, ನೀರಿಲ್ಲದ ಕೆರೆಗೆ ಅಳಿಯನಂಗೆ ಹೋಗ್ತಾರೆ ಎಂದು.

ಒಂದು ಬೇಸಿಗೆಯಲ್ಲಿ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಚಿಕ್ಕಬಳ್ಳಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿಕೊಂಡು ಆಪರೇಷನ್ ಮಾಡಿಸಿದೆ. ಒಂದು ಕಣ್ಣು ವಾಸಿಯಾದ ಮೇಲೆ ಇನ್ನೊಂದು, ಹೀಗೆ ಯುಗಾದಿಗೆ ಬಂದವರು ಮಳೆಗಾಲ ಅರ್ಧ ಕಳೆಯುವವರೆಗೆ ಇದ್ದರು. ಧೂಳಿಗೆ ಹೋಗಬೇಡ, ಕೆರೆ ಕಡೆ ತಲೆ ಹಾಕಬೇಡ ಎಂದು ಗದರಿದವಳು ನಾನೇ. ಆ ತಿಂಗಳುಗಳಲ್ಲೇ ನಮ್ಮ ಕೆರೆಯಲ್ಲಿ ಜೆಸಿಬಿ ಇಳಿದವು. ಇಟ್ಟಿಗೆ ಗೂಡಿಗೂ ಹೊಸ ಬಡಾವಣೆಗಳಿಗೂ ಟಿಪ್ಪರುಗಳಲ್ಲಿ ಮಣ್ಣು ಹೋಯಿತು. ಇದು ನನ್ನ ಕಿವಿಗೂ ಬಿದ್ದಿತ್ತು. ಎಲ್ಲ ಕೆರೆಯಲ್ಲೂ ನಡೆಯುವುದೇ, ನಮ್ಮದರಲ್ಲಿ ಆಚೆ ದಡದಲ್ಲಿ ತೆಗೆದಿರುತ್ತಾರೆ ಎಂದುಕೊಂಡೆ. ಮೇಲು ತೂಬಿನ ಸುತ್ತ ಜಾಲಿ ಎಷ್ಟು ದಟ್ಟವಾಗಿತ್ತೆಂದರೆ ಅದರ ಹಿಂದೆ ಏನು ನಡೆದರೂ ಏರಿಗೆ ಕಾಣುವುದಿಲ್ಲ.

ಆ ವರ್ಷ ಮಳೆ ಎಡೆಬಿಡದೆ ಹೊಡೆಯಿತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ಅಮ್ಮ ಹೇಳುತ್ತಲೇ ಇದ್ದಳು. ಮೇಲಿನ ಕೆರೆಗಳು ಒಂದೊಂದಾಗಿ ತುಂಬಿ ಚೆಲ್ಲಿ, ನೀರು ನಮ್ಮ ಕೆರೆಗೂ ಬಂತು. ಜಾಲಿಯ ಪೊದೆ ಪೊದೆಯೇ ಮುಳುಗಿತು. ಅಪ್ಪ ಊರಿಗೆ ಹೊರಟು ನಿಂತ. ಅದೇ ವಾರ ಅಳೆಯುವ ಕೆರೆಗಳ ಸಾಲಿನಲ್ಲಿ ನಮ್ಮೂರ ಕೆರೆಯೂ ಬಂತು. ಕೇಳಿ ಪಡೆದುಕೊಂಡ ಕೆಲಸವೇನಲ್ಲ, ಸರದಿ ಹಾಗೆ ಬಂತು. ಆದರೂ ನನಗೆ ಖುಷಿಯಾಗಿತ್ತು. ನೀರುಗಂಟಿಯ ಮಗಳು ಯಂತ್ರ ಹಿಡಿದು ಅದೇ ಕೆರೆ ಅಳೆಯುವುದನ್ನು ಊರು ನೋಡಲಿ ಎಂಬ ಜಂಬ ಇತ್ತು.

ಸಣ್ಣ ದೋಣಿ. ಹುಟ್ಟು ಹಾಕುವವನು ಒಬ್ಬ, ಯಂತ್ರ ನೋಡುವವಳು ನಾನು. ಯಂತ್ರ ನೀರಿನೊಳಕ್ಕೆ ಸದ್ದು ಬಿಟ್ಟು, ತಳಕ್ಕೆ ಬಡಿದು ಬರುವ ಮರುಸದ್ದಿನಿಂದ ಆಳ ತೋರಿಸುತ್ತದೆ. ಏರಿಯುದ್ದಕ್ಕೂ ಸಾಲು ಸಾಲಾಗಿ ಹೋಗುತ್ತ ಅಂಕಿ ಬರೆದುಕೊಳ್ಳಬೇಕು. ಮೇಲು ತೂಬಿನ ಕಂಬಗಳ ಹತ್ತಿರ ಮೂರು ಅಡಿ, ಮೂರೂವರೆ ಅಡಿ ಎಂದು ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಹದಿನೇಳು ಅಡಿ ಎಂದು ತೋರಿಸಿತು. ಮುಂದೆ ಹೋದೆವು, ಮತ್ತೆ ಹದಿನಾರು. ತಿರುಗಿಸಿಕೊಂಡು ಬಂದೆವು, ಹದಿನೇಳು.

“ಹಗ್ಗ ಬಿಟ್ಟು ನೋಡಣಾಕ್ಕ” ಎಂದ ಹುಟ್ಟಿನವನು. ಕಲ್ಲು ಕಟ್ಟಿದ ಹಗ್ಗ ದೋಣಿಯಲ್ಲೇ ಬಿದ್ದಿತ್ತು.

“ಬೇಡ ಬಿಡಪ್ಪ. ನಮ್ಮಪ್ಪ ನಡ್ಕೊಂಡು ಹೋಗ್ತಿದ್ದ ಜಾಗ ಇದು. ಮುಳ್ಳು, ಪಾಚಿ ಇದ್ರೆ ಮಿಷನ್ ಹಿಂಗೇ ಏನೇನೋ ತೋರ್ಸುತ್ತೆ” ಎಂದೆ.

ಅದು ಪೂರ್ತಿ ಸುಳ್ಳೂ ಅಲ್ಲ, ಒಮ್ಮೊಮ್ಮೆ ಹಾಗಾಗುತ್ತದೆ. ಕಚೇರಿಯಲ್ಲಿ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದಾಗ ಅಕ್ಕಪಕ್ಕಕ್ಕೆ ಹೊಂದದ ಅಂಕಿಗಳು ಕೆಂಪಗೆ ಕಾಣುತ್ತವೆ. ಈ ಮೂರೂ ಕೆಂಪಾದವು. ನನ್ನ ಮೇಲಿನ ಎಂಜಿನಿಯರು ಹಿಂದೆ ನಿಂತು ನೋಡಿ, “ಇದು ನಿಮ್ಮೂರಲ್ವೇನಮ್ಮ? ನೀನೇ ಹೇಳು. ಇಡಣಾ, ತೆಗೆಯಣಾ?” ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ತೆಗೆಯಿರಿ ಎಂದವಳು ನಾನು. ಅಪ್ಪನ ಕಾಲು, ಅವರಪ್ಪನ ಕಾಲು ಹೇಳುತ್ತಾ ಬಂದಿದ್ದ ಲೆಕ್ಕವನ್ನು, ನಿನ್ನೆ ಮೊನ್ನೆ ಬಂದ ಡಬ್ಬಿಯ ಮಾತು ಕೇಳಿ ತಪ್ಪೆಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಅವನನ್ನು ದೂರ ನಿಲ್ಲಿಸಿದ್ದ ಊರಿನಲ್ಲಿ ಅವನಿಗೆ ಇದ್ದ ಮರ್ಯಾದೆ ಅದೊಂದೇ. ಉಳಿದ ಅಂಕಿಗಳ ಸರಾಸರಿ ತೆಗೆದು, ಎಕರೆಯಿಂದ ಗುಣಿಸಿ, ನಮ್ಮ ಕೆರೆಯ ನೀರನ್ನು ಪಟ್ಟಿಗೆ ಸೇರಿಸಿದೆ.

ಆ ಭಾನುವಾರ ಊರಿಗೆ ಹೋದಾಗ ಅಪ್ಪ ಮುದ್ದೆ ಮುರಿಯುತ್ತಾ ಕೇಳಿದ.

“ಮೇಲು ತೂಬಿನತ್ರ ಎಷ್ಟು ಬಂತಮ್ಮ, ನಿನ್ನ ಮಿಷನ್ನಲ್ಲಿ?”

“ನೀನು ಹೇಳಿದಷ್ಟೇ ಅಪ್ಪ” ಎಂದೆ.

ಅವನ ಮುಖ ಹೇಗಾಯಿತು ಎಂದು ಬರೆಯಲಾರೆ. ಊಟ ಮುಗಿಸಿ ಟವೆಲು ಹೆಗಲಿಗೆ ಹಾಕಿಕೊಂಡು ಟೀ ಅಂಗಡಿಗೆ ಹೋದ. ಮಿಷನ್ನೂ ನನ್ನ ಕಾಲೂ ಒಂದೇ ಲೆಕ್ಕ ಹೇಳವೆ ಎಂದು ಅಲ್ಲಿ ಕೂತವರಿಗೆಲ್ಲ ಹೇಳಿದನಂತೆ. ಸಂಜೆ ಮನೆಗೆ ಬಂದು ಅಮ್ಮನಿಗೂ ಹೇಳಿದ, ನಾನು ಎದುರಿಗೇ ಇದ್ದರೂ ನಾನಿಲ್ಲದ ಹಾಗೆ. “ಕೂತುರು ಅಂದ್ರೆ ಹಿಂಗಿರಬೇಕು.” ಸಂತೋಷ ಹೆಚ್ಚಾದರೆ ಅಪ್ಪನ ಬಾಯಲ್ಲಿ ತೆಲುಗು ಬರುತ್ತಿತ್ತು. ಮಗಳು ಎನ್ನಲು ಕೂತುರು ಎಂದದ್ದು ನನ್ನ ಬಗ್ಗೆ ಆಡಿದ ಅತಿ ದೊಡ್ಡ ಹೊಗಳಿಕೆ. ನಾನು ಅದನ್ನು ಸುಳ್ಳು ಹೇಳಿ ಸಂಪಾದಿಸಿದೆ.

ಮುಂದಿನ ಶುಕ್ರವಾರ ಕೆರೆ ಕೋಡಿ ಹರಿಯಿತು. ಎಷ್ಟೋ ವರ್ಷದ ಮೇಲೆ ಗಂಗಮ್ಮನ ಪೂಜೆ. ಕುಡುಮಲಕುಂಟೆಯ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವ ಹುಡುಗಿಯರೂ ರಜೆ ಹಾಕಿ ಬಂದಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಅಪ್ಪ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಅರಿಸಿನ ಕುಂಕುಮದ ತಟ್ಟೆಯನ್ನು ತಲೆಗಿಟ್ಟುಕೊಂಡು ಏರಿಯ ಮೆಟ್ಟಿಲಿಳಿದ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಕೆಳಗೆ ವಾಟರ್‌ಮ್ಯಾನ್ ನಿಂತಿದ್ದ. ಅವನು ನಮ್ಮ ದೂರದ ನೆಂಟ, ಅಪ್ಪನನ್ನು ಮಾವ ಎನ್ನುತ್ತಿದ್ದ.

“ಮಾವ, ಆ ಕಡೆ ಬ್ಯಾಸ್ಗೇಲಿ ಮಣ್ಣು ಹೊಡೆದವ್ರೆ ಅಂತಾರೆ. ತೆಪ್ಪದಾಗೆ ಕೂತ್ಕೊ, ನಾನು ಕರ್ಕೊಂಡು ಹೋಗ್ತೀನಿ.”

“ನನ್ನ ಮಗಳು ಅಳತೆ ಮಾಡವ್ಳೆ ಕಣೋ. ಏನೂ ಆಗಿಲ್ಲ.”

ಇಡೀ ಏರಿಗೆ ಕೇಳಿಸುವಂತೆ ಹೇಳಿದ. ಜನ ತಿರುಗಿ ನನ್ನನ್ನು ನೋಡಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಮಣ್ಣು ಹೊಡೆದಿದ್ದಾರೆ ಎಂಬ ಮಾತೂ ಆ ಮೂರು ಕೆಂಪು ಅಂಕಿಗಳೂ ತಲೆಯಲ್ಲಿ ಒಂದಕ್ಕೊಂದು ಸೇರಿಕೊಂಡವು. ಆದರೆ ಅಷ್ಟು ಜನರ ಎದುರಿಗೆ ಅಪ್ಪನನ್ನು ನಿಲ್ಲಿಸಿ, ನಾನು ನಿನಗೆ ಸುಳ್ಳು ಹೇಳಿದ್ದೆ ಎನ್ನುವುದು ಹೇಗೆ ಎಂದು ಯೋಚಿಸುತ್ತಾ ನಿಂತೆ. ಅಪ್ಪ ಅಷ್ಟರಲ್ಲಿ ಸೊಂಟದವರೆಗೆ ನೀರಿಗೆ ಹೋಗಿದ್ದ. ಎಂಟು ಹೆಜ್ಜೆಯೋ ಹತ್ತು ಹೆಜ್ಜೆಯೋ. ಕಂಬ ಇನ್ನೊಂದು ಮಾರು ದೂರದಲ್ಲಿತ್ತು. “ಅಪ್ಪ, ನಿಲ್ಲು” ಎಂದು ನಾನು ಕೂಗಿದೆ ಎಂದು ಪಕ್ಕದಲ್ಲಿದ್ದವರು ಹೇಳುತ್ತಾರೆ, ನನಗೆ ನೆನಪಿಲ್ಲ. ಕೂಗಿದ್ದರೂ ಅಷ್ಟರೊಳಗೆ ನೀರಿನ ಮೇಲೆ ತಟ್ಟೆ ಮಾತ್ರ ಇತ್ತು, ಅದೂ ಒಂದು ಸುತ್ತು ತಿರುಗಿ ಮುಳುಗಿತು.

ಈಜು ಬಾರದವನೇನಲ್ಲ ಅಪ್ಪ. ಮಣ್ಣು ತೆಗೆದ ಗುಂಡಿಯ ಅಂಚು ಜಾರುವ ಜೇಡಿಮಣ್ಣು, ಒಳಗೆ ಕಿತ್ತು ತಳ್ಳಿದ್ದ ಜಾಲಿ. ಪಂಚೆ ಮುಳ್ಳಿಗೆ ಸಿಕ್ಕಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ವಾಟರ್‌ಮ್ಯಾನ್ ಜೊತೆಗೆ ಇನ್ನಿಬ್ಬರು ಧುಮುಕಿ, ಕೈಕಾಲೆಲ್ಲ ಗೀರಿಸಿಕೊಂಡು ಬರಿಗೈಯಲ್ಲಿ ಬಂದರು. ಮಧ್ಯಾಹ್ನದ ಹೊತ್ತಿಗೆ ಅಗ್ನಿಶಾಮಕದವರು ಬಂದರು. ಅವರಲ್ಲಿ ಹಿರಿಯರಾದವರು ಏರಿಯ ಮೇಲೆ ನಿಂತು, ಇಲ್ಲಿ ಆಳ ಎಷ್ಟಿದೆ ಎಂದು ಕೇಳಿದರು. ಊರಿನ ನಾಲ್ಕಾರು ಜನ ಒಟ್ಟಿಗೆ, “ಸೊಂಟುದ್ದ ಸಾರ್” ಎಂದರು.

“ಸೊಂಟುದ್ದ ನೀರಲ್ಲಿ ಮನುಷ್ಯ ಎಲ್ಲಿ ಹೋಗ್ತಾನ್ರೀ?”

ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

“ಹದಿನೇಳು ಅಡಿ” ಎಂದೆ.

“ಹೆಂಗೆ ಗೊತ್ತಮ್ಮ?”

“ನಾನೇ ಅಳೆದಿದ್ದು.”

ಅವರು ಹಗ್ಗವನ್ನು ಅಷ್ಟಕ್ಕೆ ಅಳೆದು ಕೊಕ್ಕೆ ಕಟ್ಟಿಸಿದರು. ಅಪ್ಪ ಸಿಕ್ಕಿದ. ಮಣ್ಣು ತೆಗೆಸಿದವರು ಯಾರೆಂದು ಊರಿಗೆಲ್ಲ ಗೊತ್ತು, ಅವರೂ ಅಲ್ಲೇ ನಿಂತಿದ್ದರು. ಗಂಗಮ್ಮ ಕರೆಸಿಕೊಂಡಳು, ಪುಣ್ಯವಂತ ಎಂದು ಮೊದಲು ಹೇಳಿದವರು ಅವರ ಮನೆಯವರೇ. ಗಂಗಮ್ಮನ ಹತ್ತಿರ ಜೆಸಿಬಿ ಇರಲಿಲ್ಲ. ನಾನು ಅವರ ಮೇಲೆ ದೂರು ಕೊಟ್ಟೆ, ಅದು ಇನ್ನೂ ಕಚೇರಿಯಿಂದ ಕಚೇರಿಗೆ ತಿರುಗುತ್ತಿದೆ. ಅವರ ಮೇಲಿನ ಸಿಟ್ಟು ನಿಜ. ಆದರೆ ಬೆಳಗ್ಗೆ ಎದ್ದ ಕೂಡಲೇ ನೆನಪಾಗುವುದು ಅವರಲ್ಲ, ಮುದ್ದೆ ಮುರಿಯುತ್ತಾ ಅಪ್ಪ ಕೇಳಿದ ಪ್ರಶ್ನೆ.

ತಿಥಿ ಕಳೆದು ಕೆಲಸಕ್ಕೆ ಹೋದ ದಿನವೇ ಎಂಜಿನಿಯರಿಗೆ ಹೇಳಿ, ತೆಗೆದುಹಾಕಿದ್ದ ಅಂಕಿಗಳನ್ನು ವಾಪಸ್ ಸೇರಿಸಿದೆ. ಮತ್ತೆ ದೋಣಿ ಇಳಿಸಿ, ಆ ಮೂಲೆಯನ್ನೆಲ್ಲ ಹಗ್ಗ ಬಿಟ್ಟು ಅಳೆದೆವು. ಗುಂಡಿ ಒಂದಲ್ಲ, ತೂಬಿನ ಹಿಂದಕ್ಕೆ ಸಾಲಾಗಿದ್ದವು. ಅದನ್ನೆಲ್ಲ ಕೂಡಿದ ಮೇಲೆ ವಿಸ್ತೀರ್ಣದ ಪಟ್ಟಿಯಲ್ಲಿ ನಮ್ಮ ಕೆರೆ ಇದ್ದಲ್ಲೇ ಇತ್ತು, ನೀರಿನ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಯಿತು. ಪಕ್ಕದೂರಿನ ಕೆರೆಯನ್ನು ಹಿಂದೆ ಹಾಕಿತು. ಕಚೇರಿಯಲ್ಲಿ ಯಾರೋ, ಗೊತ್ತಿಲ್ಲದೆ, ನಿಮ್ಮೂರಿಗೆ ಪ್ರಮೋಷನ್ನು ಎಂದು ನಕ್ಕರು. ನಾನು ಎದ್ದು ಹೊರಗೆ ಹೋದೆ.

ಅಮ್ಮ ಈಗ ನನ್ನ ಜೊತೆ ಚಿಕ್ಕಬಳ್ಳಾಪುರದಲ್ಲಿದ್ದಾಳೆ. ಏರಿಯ ಮೇಲೆ ನಾನು ಹದಿನೇಳು ಅಡಿ ಎಂದದ್ದನ್ನು ಅವಳು ಕೇಳಿದ್ದಳು. ತಿಂಗಳುಗಟ್ಟಲೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಒಂದು ಬೆಳಗ್ಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಕೈಯಲ್ಲಿದ್ದ ಕಾಯಿಯಿಂದ ತಲೆ ಎತ್ತದೆ ಕೇಳಿದಳು.

“ನಿಂಗೆ ಮೊದ್ಲೇ ಗೊತ್ತಿತ್ತೇನಮ್ಮ?”

“ಮಿಷನ್ ತೋರಿಸ್ತು. ನಾನು ನಂಬ್ಲಿಲ್ಲ.”

“ಯಾಕೆ?”

“ಅಪ್ಪ ಸೊಂಟುದ್ದ ಅಂದಿದ್ನಲ್ಲ. ಅಪ್ಪ ಹೇಳಿದ್ಮೇಲೆ ಅದೇ ಸರಿ ಅಂದ್ಕೊಂಡೆ.”

ಅಮ್ಮ ಸಿಪ್ಪೆಯನ್ನು ಒಂದು ಕಡೆಗೆ ಒತ್ತರಿಸಿದಳು.

“ಹದಿನೇಳು ಅಂತ ಹೇಳಿದ್ರೆ ಬೇಜಾರಾಗ್ತಾರೆ ಅಂದ್ಕೊಂಡ್ಯಾ?”

“ಹೂಂ.”

“ಬೇಜಾರೇನಾಗ್ತಿರ್ಲಿಲ್ಲ ಕಣಮ್ಮ” ಎಂದಳು. “ನೀನು ಏನು ಹೇಳಿದ್ರೂ ನಂಬ್ತಿದ್ರು.”